ವಿಶ್ರಾಂತಿಯ ಪ್ರಾಯೋಗಿಕ ಪರೀಕ್ಷೆ

ವಿದ್ಯಾರ್ಥಿಗಳ ಒತ್ತಡವನ್ನು ಬೇರುಸಹಿತ ಕಿತ್ತೊಗೆಯುವ ಸಲುವಾಗಿ ನಮ್ಮ ಕಾಲೇಜಿನ ಆಡಳಿತ ಮಂಡಳಿಯು ಈ ವರ್ಷದಿಂದ ‘ವಿಶ್ರಾಂತಿ’ಯನ್ನು ಕಡ್ಡಾಯ ವಿಷಯವನ್ನಾಗಿ ಮಾಡಿದೆ. ವೇಳಾಪಟ್ಟಿಯಲ್ಲಿ ಊಟದ ವಿರಾಮವೊಂದೇ ಖಾಲಿ ಕಂಡದ್ದರಿಂದ ತರಗತಿಯನ್ನು ಅಲ್ಲಿಗೇ ಹಾಕಲಾಯಿತು. ಹೊಟ್ಟೆ ಖಾಲಿಯಿದ್ದರೆ ಮನಸ್ಸು ಹಗುರವಾಗಿರುತ್ತದೆ ಎಂದರು ಪ್ರಾಂಶುಪಾಲರು. ಅವರು ಊಟ ಮುಗಿಸಿ ಬಂದಿದ್ದರು.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಅಭ್ಯರ್ಥಿಯು ಹೊರಗಿನ ಪರೀಕ್ಷಕರ ಎದುರು ಚಾಪೆಯ ಮೇಲೆ ನಿದ್ರಿಸತಕ್ಕದ್ದು. ನಿದ್ರೆಯಲ್ಲಿರುವಾಗ ಮೌಖಿಕ ಪ್ರಶ್ನೆ ಕೇಳಲಾಗುವುದು. ಉತ್ತರಿಸದವರನ್ನು ವಿಷಯ ತಿಳಿಯದವರೆಂದೂ, ಉತ್ತರಿಸಿದವರನ್ನು ನಿದ್ರಿಸದವರೆಂದೂ ಪರಿಗಣಿಸಲಾಗುವುದು. ಫೇಲಾದವರು ಇಡೀ ವರ್ಷ ಮತ್ತೆ ಓದತಕ್ಕದ್ದು.

ಪ್ರಯೋಗಾಲಯದ ಸಹಾಯಕನಾದ ನಾನೇ ಚಾಪೆ ಹಾಸಿದೆ. ಮೊದಲು ಬಂದವಳು ತೂಕಡಿಕೆ. ಮುಂಜಾನೆ ಬೇಕರಿಯಲ್ಲಿ ಹಿಟ್ಟು ನಾದಿ ಕಾಲೇಜಿಗೆ ಬರುವ ಈ ಹುಡುಗಿ ಬೆಂಚಿಗೆ ಒರಗಿದರೆ ಸಾಕು, ಕಣ್ಣು ಮುಚ್ಚುತ್ತಿದ್ದಳು. ಆ ಅಡ್ಡಹೆಸರು ಬಂದದ್ದೇ ಹಾಗೆ. ಈ ದಿನ ಮಾತ್ರ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು.

“ಏನಮ್ಮಾ, ಕ್ಲಾಸಲ್ಲಿ ನಿದ್ದೆ ಮಾಡ್ತೀಯ ಅಂತ ಎಷ್ಟು ಸಲ ಆಚೆ ಕಳಿಸಿದೀನಿ! ಈಗೇನು ಧಾಡಿ?” ಎಂದರು ಪ್ರಾಂಶುಪಾಲರು.

“ಮಲಗು ಅಂದ್ರೆ ಬರ್ತಿಲ್ಲ ಸಾರ್. ಫೇಲಾದ್ರೆ ಅಮ್ಮ ಓದು ಬಿಡಿಸ್ತಾಳೆ. ಅದೇ ತಲೇಲಿ ಕೊರೀತಿದೆ.”

ನನಗೆ ಅಯ್ಯೋ ಪಾಪ ಅನಿಸಿತು. ಅವಳೇ ದಾರಿ ಹೇಳಿದಳು: “ಲೆಕ್ಕಶಾಸ್ತ್ರದ ಮೇಷ್ಟ್ರನ್ನ ಕರೀರಿ ಸಾರ್. ಅವ್ರು ಪಾಠ ಶುರು ಮಾಡಿದ್ರೆ ನಂಗೆ ಬಂದೇ ಬರುತ್ತೆ.”

ನಿಯಮ ಅಡ್ಡ ಬಂತು. ಪರೀಕ್ಷಾ ಕೊಠಡಿಗೆ ಬೇರೆ ವ್ಯಕ್ತಿಗಳಿಗೆ ಪ್ರವೇಶವಿಲ್ಲ. ಆದರೆ ಪ್ರಾಯೋಗಿಕ ಪರೀಕ್ಷೆಗೆ ಉಪಕರಣ ಬಳಸಬಹುದು. ಆದಕಾರಣ ಮೇಷ್ಟ್ರನ್ನು ಉಪಕರಣವೆಂದು ದಾಖಲಿಸಿ, ಅಂಗಿಗೆ ನಂಬರಿನ ಚೀಟಿ ಅಂಟಿಸಿ ಒಳಗೆ ತಂದೆ. ಕಾಲೇಜು ತಮ್ಮನ್ನು ಕೊನೆಗೂ ಗುರುತಿಸಿತೆಂದು ಅವರ ಕಣ್ಣು ತುಂಬಿ ಬಂತು.

ಅವರು ಸವಕಳಿಯ ಪಾಠ ತೆಗೆದರು. ಯಂತ್ರ ಹಳತಾದಂತೆ ವರ್ಷವರ್ಷ ಅದರ ಬೆಲೆ ಹೇಗೆ ಇಳಿಸಬೇಕು ಎಂಬುದು. ಮೂರನೆಯ ವಾಕ್ಯಕ್ಕೆ ತೂಕಡಿಕೆ ಗೊರಕೆ ಹೊಡೆದಳು. ಐದನೆಯದಕ್ಕೆ ಪರೀಕ್ಷಕರ ತಲೆ ಮೇಜಿಗೆ ತಾಗಿತು. ಪ್ರಾಂಶುಪಾಲರು ಕುರ್ಚಿಯಿಂದ ಮೆಲ್ಲನೆ ಜಾರಿದರು. ಆಮೇಲಿನದು ನನಗೂ ನೆನಪಿಲ್ಲ.

ಗಂಟೆ ಹೊಡೆದಾಗ ಎದ್ದೆವು. ಮೌಖಿಕ ಪ್ರಶ್ನೆ ಕೇಳಲು ಯಾರೂ ಎಚ್ಚರವಿರಲಿಲ್ಲವಾದ್ದರಿಂದ, ತಪ್ಪು ಉತ್ತರ ಬಂದಿಲ್ಲವೆಂದು ತೂಕಡಿಕೆಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಲಾಯಿತು. ಉಳಿದವರಿಗೂ ಅದೇ ಉಪಕರಣ, ಅದೇ ಫಲಿತಾಂಶ. ಪರೀಕ್ಷಕರು ಇನ್ನೆರಡು ದಿನ ಇಲ್ಲೇ ಪರೀಕ್ಷೆ ಮುಂದುವರಿಸಲು ಅನುಮತಿ ಕೋರಿದರು.

ಮುಂದಿನ ತಿಂಗಳು ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: ‘ಲೆಕ್ಕಶಾಸ್ತ್ರದ ಮೇಷ್ಟ್ರು ಈಗ ಕಾಲೇಜಿನ ಉಪಕರಣವಾಗಿರುವುದರಿಂದ, ನಿಯಮದಂತೆ ಅವರ ಸಂಬಳದಲ್ಲಿ ವರ್ಷಕ್ಕೆ ಶೇಕಡಾ ಹತ್ತರಂತೆ ಸವಕಳಿ ಕಳೆಯಲಾಗುವುದು.’

ಅದನ್ನೋದಿ ತೂಕಡಿಕೆ ಕೆಂಡವಾದಳು. ನೇರ ಸಿಬ್ಬಂದಿ ಕೋಣೆಗೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ.

“ಸಾರ್, ಇದೇನು ಅನ್ಯಾಯ! ನನ್ನಿಂದ ನಿಮಗೆ ಹೀಗಾಯ್ತು. ನೀವು ಜಗಳ ಆಡ್ಲೇಬೇಕು!”

“ಅನ್ಯಾಯ ಎಲ್ಲಿದೆ ಮಗಳೇ? ನಾನೇ ಎರಡು ಸಲ ಕೂಡಿ ಕಳೆದು ನೋಡಿದೀನಿ, ಲೆಕ್ಕ ಸರಿಯಾಗೇ ಇದೆ. ಕೂತ್ಕೋ, ಹೇಳ್ತೀನಿ.”

ಅವರು ವಿವರಿಸತೊಡಗಿದರು. ನಾನು ಚಾಪೆ ತರಲು ಹೋದೆ.