ಬಯಕೆಯ ಬುತ್ತಿಯೊಳಗೆ ಬರ್ಗರ್

ನಮ್ಮ ಸೋದರಮಾವ ಈ ಜನ್ಮದಲ್ಲಿ ಯಾರಿಗೂ ಕೇಡು ಬಗೆದವರಲ್ಲ. ಅಲಸಂದಿ ಕಾಳಿನ ವಿಷಯದಲ್ಲಿ ಮಾತ್ರ ಈ ಮಾತು ಹೇಳಲು ಬಾಯಿ ಬರುವುದಿಲ್ಲ! ಆ ಬಡಪಾಯಿ ಕಾಳನ್ನು ಅವರು ನೀರಲ್ಲಿ ಮುಳುಗಿಸಿದ್ದಾರೆ, ಕುದಿಸಿದ್ದಾರೆ, ಹಿಸುಕಿದ್ದಾರೆ, ಸುಟ್ಟಿದ್ದಾರೆ, ಕೊನೆಗೆ ಮಾಳಿಗೆಯ ಮೇಲಿಂದ ಕೆಳಗೂ ಎಸೆದಿದ್ದಾರೆ. ಮನುಷ್ಯರಿಗೆ ಹೀಗೆ ಮಾಡಿದ್ದರೆ ಇಷ್ಟೊತ್ತಿಗೆ ನಮ್ಮೂರ ದರ್ಗಾ ಜೈಲಿನಲ್ಲಿ ಕಂಬಿ ಎಣಿಸುತ್ತಿದ್ದರು.

ಅವರ ಹೆಸರು ಹೇಳುವುದಿಲ್ಲ. ನಾನಿನ್ನೂ ಜಲನಗರದಲ್ಲಿ ತಲೆ ಎತ್ತಿ ಓಡಾಡಬೇಕು. ಮಾಮಾ ಎಂದರೆ ಸಾಕು, ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅದೇ ನನ್ನ ದುಃಖ. ಮದುವೆಯಾಗಲಿಲ್ಲ, ಅಕ್ಕನ ಮನೆಯನ್ನೇ ತಮ್ಮ ಮನೆ ಮಾಡಿಕೊಂಡರು. ನೌಕರಿಯುದ್ದಕ್ಕೂ ಸಣ್ಣ ಸೇತುವೆ, ಗಟಾರ, ಶಾಲೆಯ ಕಟ್ಟಡಗಳ ಕಾಂಕ್ರೀಟ್ ಕೆಲಸ ನೋಡಿಕೊಂಡವರು. ನಿವೃತ್ತಿಯಾದ ಮೇಲೆ ಸಿಮೆಂಟು ಅವರನ್ನು ಬಿಟ್ಟಿತು. ಅವರು ಸಿಮೆಂಟನ್ನು ಬಿಡಲಿಲ್ಲ.

ಇಲ್ಲಿ ನನ್ನದೊಂದು ಮಾತು ಇದೆ. ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು. ಯಾರು ಏನು ಹೇಳಿದರೂ ‘ಅದಕ್ಕೇನು ಆಧಾರ?’ ಎಂದು ಕೇಳುವ ಚಟ ಅಲ್ಲಿ ಹತ್ತಿತು. ಈಗೀಗ ಆ ಚಟ ನನ್ನ ನೆನಪಿನ ಮೇಲೆಯೇ ತಿರುಗಿ ಬಿದ್ದಿದೆ. ಹಾಗಾಗಿ ಮುಂದೆ ಬರುವ ಸಂಗತಿಗಳಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಇರಬಹುದು. ನನಗಾದ ನಾಚಿಕೆಯಲ್ಲಿ ಮಾತ್ರ ಯಾವ ಹೆಚ್ಚುಕಡಿಮೆಯೂ ಇಲ್ಲ.

ನನ್ನ ತಂಗಿಯನ್ನು ಕಾಖಂಡಕಿಗೆ ಕೊಟ್ಟಿದೆ. ಬೀಗರಿಗೆ ಹೊಲವಿದೆ, ಊರೊಳಗೊಂದು ಕಿರಾಣಿ ಅಂಗಡಿಯಿದೆ. ಆಕೆ ಚೊಚ್ಚಲ ಬಸುರಿ. ಬಸುರಾದಾಗಿನಿಂದ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ತಿಂದದ್ದೆಲ್ಲ ವಾಂತಿ. ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. “ಏನು ಒಳಗೆ ಉಳಿಯುತ್ತದೋ ಅದನ್ನು ಕೊಡಿ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಕೂಸಿಗೂ ಒಳ್ಳೆಯದಲ್ಲ” ಎಂದು ಡಾಕ್ಟರು ಹೇಳಿದ್ದರು. ಅವ್ವ ದೇವರಿಗೆ ಹರಕೆ ಹೊತ್ತಳು. ಮಾಮಾ ಫೋನು ಹಚ್ಚಿದರು.

“ಏನ್ ತಿನ್ನಬೇಕನಸ್ತೈತಿ ಹೇಳವಾ. ಆಕಾಶದಾಗಿಂದು ಬೇಡು, ನಿಚ್ಚಣಿಕಿ ಹಾಕಿ ಇಳಸ್ತೀನಿ.”

ಅತ್ತ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಪಿಸುಮಾತು: “ಬರ್ಗರ್, ಮಾಮಾ. ಅತ್ತೀ ಮುಂದ ಮಾತ್ರ ಹೇಳಬ್ಯಾಡ್ರಿ.”

ನಾನು ಸಹಜವಾಗಿ ಹೇಳಿದೆ: “ಪ್ಯಾಟ್ಯಾಗ ಬೇಕಾದಷ್ಟ ಸಿಗ್ತಾವಲ್ರಿ ಮಾಮಾ. ಒಂದ್ ಕಟ್ಟಿಸ್ಕೊಂಡ ಹೋದ್ರ ಆತು.”

“ಲೇ, ಬಸರ ಹೆಣಮಗಳಿಗೆ ಬಜಾರದ್ದು ತಿನಸಾಂವೇನು? ಒಳಗಿನ ಮಾಲು ಯಾರ್ ನೋಡ್ಯಾರ? ಬುನಾದಿ ಕಾಣಲಾರದ ಕಟ್ಟಡದಾಗ ನಾ ಕಾಲ ಇಡಂಗಿಲ್ಲ!”

ಬರ್ಗರ್ ಎಂದರೇನು? ಎರಡು ಹೋಳು ಬನ್ನಿನ ನಡುವೆ ಒಂದು ಕಾಳಿನ ವಡೆ. ಇಷ್ಟೇ ತಾನೆ ಎಂದು ನೀವೂ ಅನ್ನುತ್ತೀರಿ. ನಾನೂ ಅಂದಿದ್ದೆ. ಮೊದಲ ದಿನದ ವಡೆ ಎಣ್ಣೆಗೆ ಬಿದ್ದ ಕೂಡಲೇ ಸಂಸಾರ ತ್ಯಜಿಸಿತು. ಕಾಳು ಒಂದು ಕಡೆ, ಉಳ್ಳಾಗಡ್ಡಿ ಇನ್ನೊಂದು ಕಡೆ. ಅವ್ವ ಇಣುಕಿ ನೋಡಿದಳು.

“ಇದಕ್ಕ ಉಸುಳಿ ಅಂತಾರೋ ಯಪ್ಪಾ. ನಾ ದಿನಾ ಮಾಡತೀನಿ.”

“ಉಸುಳಿ ಅಲ್ಲಕ್ಕಾ. ಮಾಲಿನಾಗ ನೀರ ಹೆಚ್ಚಿಗಿ ಆಗೇತಿ.”

ತಪ್ಪಾಯಿತು ಎನ್ನುವ ಪದವನ್ನು ಮಾಮಾ ಯಾವ ಶಾಲೆಯಲ್ಲೂ ಕಲಿತಿಲ್ಲ. ಮರುದಿನದಿಂದ ನಮ್ಮ ಅಡುಗೆಮನೆಯಲ್ಲಿ ಸೇತುವೆಯ ಕಾಮಗಾರಿ ಆರಂಭವಾಯಿತು. ಕಾಳನ್ನು ಬೆರಳಲ್ಲಿ ಒತ್ತಿದರೆ ಹಿಸುಕಿಹೋಗಬೇಕು, ಆದರೆ ಅಂಬಲಿಯಾಗಬಾರದು; ಹಾಗೆ ಕುದಿಸಿ, ಬಸಿದು, ನನ್ನ ಪಂಚೆಯ ಮೇಲೆ ಹರವಿ, ಫ್ಯಾನಿನ ಕೆಳಗೆ ಒಣಗಿಸಿದರು. ಅರ್ಧ ಕಾಳನ್ನು ನುಣ್ಣಗೆ ಅರೆದು, ಉಳಿದರ್ಧವನ್ನು ಹಾಗೇ ಬಿಟ್ಟರು. ಯಾಕೆ ಎಂದು ಕೇಳಿದೆ.

“ಬರೇ ಉಸುಕಿನ ಮ್ಯಾಲೆ ಸ್ಲ್ಯಾಬ್ ನಿಲ್ಲತೈತೇನ್ಲೇ? ನಡುವ ಖಡಿ ಕಲ್ಲೂ ಬೇಕು!”

ಉಳ್ಳಾಗಡ್ಡಿಯನ್ನು ಕೆಂಪಗಾಗುವವರೆಗೆ ಹುರಿದರು. ಬೆಳ್ಳುಳ್ಳಿ, ಜೀರಿಗೆ, ಗುರೆಳ್ಳಿನ ಪುಡಿ, ಒಂದಿಷ್ಟು ಹುಣಸೆಯ ರಸ. ಇಡೀ ಓಣಿಯ ಮೂಗು ನಮ್ಮ ಕಿಟಕಿಯತ್ತ ತಿರುಗಿತು. ಆದರೆ ಮಿಶ್ರಣ ಕಟ್ಟು ಹಿಡಿಯಲಿಲ್ಲ. ಕಡಲೆಹಿಟ್ಟು ಹಾಕಿದರೆ ಭಜಿಯ ರುಚಿ, ಜೋಳದ ಹಿಟ್ಟು ಹಾಕಿದರೆ ಹಸಿ ವಾಸನೆ. ಮಾಮಾ ಅಡುಗೆಮನೆಯಲ್ಲಿ ಹುಲಿಯಂತೆ ತಿರುಗಾಡಿದರು. ಕಣ್ಣು ಮೂಲೆಗೆ ಬಿತ್ತು. ಅಲ್ಲಿ ಅವ್ವ ಬಡಿದು ಒಣಗಿಸಿಟ್ಟ ಖಡಕ್ ರೊಟ್ಟಿಯ ಗೋಪುರ! ಅವ್ವ ಗುಡಿಗೆ ಹೋಗಿ ಬರುವಷ್ಟರಲ್ಲಿ ಅದು ಪುಡಿಯ ಗುಡ್ಡವಾಗಿತ್ತು.

“ನಾಳಿ ಬರೂ ಮಂದಿಗೆ ನಾ ಏನ್ ಬಡಸ್ಲೋ? ನಿನ್ನ ಸಿಮಿಟ್ ಬಡಸ್ಲೇನು?” ಎಂದು ಅವ್ವ ಹಣೆ ಹಣೆ ಬಡಿದುಕೊಂಡಳು.

“ಅಕ್ಕಾ, ಸಿಟ್ಟಾಗಬ್ಯಾಡ. ಸಿಮಿಟ್ ಸಿಕ್ತು!”

ನಿಜಕ್ಕೂ ಸಿಕ್ಕಿತ್ತು. ರೊಟ್ಟಿಯ ಪುಡಿ ಬೆರೆಸಿ ತಟ್ಟಿದ ವಡೆ, ಒದ್ದೆ ಬಟ್ಟೆ ಹೊದ್ದು, ಫ್ರಿಜ್ಜಿನಲ್ಲಿ ಕಾಂಕ್ರೀಟಿನಂತೆ ‘ಕ್ಯೂರಿಂಗ್’ ಮುಗಿಸಿ, ಹಂಚಿನ ಮೇಲೆ ಬಿರುಕಿಲ್ಲದೆ ಕೂತಿತು. ಆದರೆ ಮಾಮಾನಿಗೆ ಅಷ್ಟಕ್ಕೆ ಸಮಾಧಾನವಾಗುತ್ತದೆಯೇ? ಗಟ್ಟಿತನದ ಪರೀಕ್ಷೆಗೆಂದು ಒಂದು ವಡೆ ಹಿಡಿದು ಮಾಳಿಗೆ ಹತ್ತಿ ಕೆಳಗೆ ಎಸೆದರು. ಕೆಳಗೆ ಪಕ್ಕದ ಮನೆಯ ನಿವೃತ್ತ ಮಾಸ್ತರರು ಅಂಗಳದಲ್ಲಿ ಪೇಪರು ಓದುತ್ತ ಚಹಾ ಕುಡಿಯುತ್ತಿದ್ದರು.

“ಮಾಮಾರ! ಮ್ಯಾಲಿಂದ ಏನೋ ಬಿತ್ತು ನೋಡ್ರಿ!”

“ಒಡೀತೇನ್ರಿ ಸರ?”

“ಹೂಂ ಮತ್ತ, ಕಪ್ಪು ಎರಡು ಚೂರಾತು!”

“ಕಪ್ ಬಿಡ್ರಿ! ವಡಿ ಹೆಂಗೈತಿ ಹೇಳ್ರಿ!”

ವಡೆ ಇಡಿಯಾಗಿತ್ತು. ಮಾಮಾನ ಮುಖದಲ್ಲಿ ಸೇತುವೆ ಉದ್ಘಾಟನೆಯ ಕಳೆ. ನಾನು ಕಿಟಕಿಯ ಪರದೆ ಎಳೆದುಕೊಂಡು ಒಳಗೆ ಕೂತೆ. ಅದು ಕಪ್ಪಲ್ಲ, ಸ್ಟೀಲಿನ ಲೋಟ, ಒಡೆಯಲೇ ಇಲ್ಲ ಎಂದು ಅವ್ವ ಈಗ ವಾದಿಸುತ್ತಾಳೆ. ಇದ್ದೀತು. ಆದರೆ ಮಾಸ್ತರರು ಇಂದಿಗೂ ನನ್ನನ್ನು ಕಂಡರೆ ಮೊದಲು ಮೇಲೆ ನೋಡುತ್ತಾರೆ, ಅದಕ್ಕೇನು ಆಧಾರ?

ಇಷ್ಟಾದರೂ ಕಾಳಿನ ಬಗ್ಗೆ ಮಾಮಾನಿಗೆ ಸಂಶಯ. ಪೇಟೆಯದು ಹಳೆಯ ಮಾಲು ಎಂದು ನನ್ನ ಗಾಡಿಯ ಹಿಂದೆ ಕೂತು ತಿಕೋಟಾ ದಾಟಿ ಕಳ್ಳಕವಟಗಿ ಎಂಬ ಹಳ್ಳಿಗೆ ನನ್ನನ್ನು ಹೊರಡಿಸಿದರು. ಅಲ್ಲೊಬ್ಬ ಪರಿಚಯದ ರೈತ ಜವಾರಿ ಅಲಸಂದಿಯ ಚೀಲಗಳನ್ನು ಬಿಚ್ಚಿ ತೋರಿಸಿದ. ಮಾಮಾ ಕೇಳಿದರು:

“ನಿನ್ನ ಮಗಳು ಬಸರಿದ್ದಾಗ ಇದ್ರಾಗ ಯಾವ್ದ ಕೊಡ್ತಿದ್ದೆಪಾ?”

“ನನಗ ಬರೇ ಗಂಡ ಹುಡ್ರರೀ ಯಪ್ಪಾ.”

“ಹಂಗಾರ ಎಮ್ಮಿ? ಎಮ್ಮಿ ಗಬ್ಬ ಇದ್ದಾಗ ಯಾವ್ದ ಹಾಕ್ತಿದ್ದಿ?”

ರೈತ ನನ್ನ ಮುಖ ನೋಡಿದ. ನಾನು ಬೇವಿನ ಗಿಡ ನೋಡಿದೆ. ಅವನು ಮರ್ಯಾದೆಯಿಂದ ಒಂದು ಚೀಲ ತೋರಿಸಿದ, ಮಾಮಾ ಅದನ್ನೇ ಆರಿಸಿದರು. ಈ ಸಂಗತಿ ಬೀಗರಿಗೆ ಇನ್ನೂ ತಿಳಿದಿಲ್ಲ. ಓದುಗರೂ ದಯವಿಟ್ಟು ಹೇಳಬಾರದು.

ನಮ್ಮ ಕಡೆ ಬಸುರಿಗೆ ತವರಿನವರು ಬಯಕೆಯ ಬುತ್ತಿ ಒಯ್ಯುತ್ತಾರೆ. ಬುಟ್ಟಿಯಲ್ಲಿ ರೊಟ್ಟಿ, ಕಡುಬು, ಹೋಳಿಗೆ, ಮೊಸರನ್ನ, ನಾಲ್ಕು ಥರದ ಪಲ್ಯ. ಮೇಲೊಂದು ಬಿಳಿ ಬಟ್ಟೆ. ಬೀಗರ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿದ ಮೇಲೆ ಆ ಬಟ್ಟೆ ತೆಗೆಯುವುದು. ತವರಿನ ಮಾನ ಆ ಬಟ್ಟೆಯ ಕೆಳಗಿರುತ್ತದೆ. ನಮ್ಮ ಮಾನದ ಕೆಳಗೆ ಮಾಮಾ ಬೇಕರಿಯಲ್ಲಿ ಎದುರೇ ನಿಂತು ಸುಡಿಸಿದ ಬನ್ನು ಮತ್ತು ವಡೆಗಳನ್ನು ಜೋಡಿಸಿದರು. ಕಣ್ಣಿಗೆ ಬೀಳದಿರಲಿ ಎಂದು ನಾನು ಮೇಲೆ ಕಡುಬು ಹರವಿದೆ.

ಬಸ್ಸಿನಲ್ಲಿ ಮಾಮಾನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಕಬ್ಬಿಣದ ಹಂಚು.

“ಹಂಚ್ ತಗೊಂಡ ಎಲ್ಲಿಗ್ರಿ ಯಜಮಾನ್ರ? ಕಾಖಂಡ್ಕ್ಯಾಗ ಹಂಚಿಲ್ಲೇನು?” ಎಂದ ಕಂಡಕ್ಟರ್.

“ಅದಾವಪಾ. ಇದರಷ್ಟು ಪಳಗಿದ್ದು ಇಲ್ಲ.”

ಬಸ್ಸೆಲ್ಲ ನಕ್ಕಿತು. ಬಬಲೇಶ್ವರ ಬರುವವರೆಗೂ ನಾನು ಆ ಹಂಚಿನ ಸಂಬಂಧಿಕನಲ್ಲ ಎನ್ನುವಂತೆ ಕೂತಿದ್ದೆ.

ಕಾಖಂಡಕಿಯಲ್ಲಿ ಪಡಸಾಲೆ ತುಂಬ ಹೆಂಗಸರು. ತಂಗಿಯನ್ನು ಮಣೆಯ ಮೇಲೆ ಕೂಡಿಸಿದ್ದರು. ಅವಳ ಮುಖ ಕಂಡು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ಅಷ್ಟು ಇಳಿದುಹೋಗಿದ್ದಳು. ಬಟ್ಟೆ ತೆಗೆದರು. ಕಡುಬು ಬಂತು, ಹೋಳಿಗೆ ಬಂತು. ತಂಗಿ ಒಂದು ಚೂರು ಹೋಳಿಗೆ ಬಾಯಿಗಿಟ್ಟು ಹಿತ್ತಲಿಗೆ ಓಡಿದಳು. ಅಷ್ಟರಲ್ಲಿ ಒಬ್ಬ ಮುದುಕಿ ಬುಟ್ಟಿಯ ತಳದಿಂದ ಒಂದು ವಡೆ ಎತ್ತಿ ಬೆಳಕಿಗೆ ಹಿಡಿದಳು.

“ಇದೇನವಾ ಇದು, ಮಾಂಸದ್ದ ಇದ್ದಂಗ ಐತಲ್ಲ!”

ಚಾಚಿದ ಕೈಗಳೆಲ್ಲ ಹಿಂದೆ ಸರಿದವು. ಭೂಮಿ ಬಾಯಿಬಿಡಲಿ ಎಂದು ಬೇಡಿಕೊಳ್ಳುವವರನ್ನು ನಾನು ಅಲ್ಲಿಯವರೆಗೆ ನಂಬಿರಲಿಲ್ಲ.

“ಕಾಳ್ರಿ ಅಕ್ಕಾರ! ಬರೇ ಅಲಸಂದಿ ಕಾಳು!” ಎಂದರು ಮಾಮಾ.

ತಂಗಿಯ ಅತ್ತೆ ಮಿತಭಾಷಿ, ಗಟ್ಟಿ ಹೆಂಗಸು. ಅವರು ಮೆಲ್ಲಗೆ ಕೇಳಿದರು: “ಅಣ್ಣಾರ, ನಮ್ಮ ಮನ್ಯಾಗ ಸೊಸಿಗೆ ಉಣ್ಣಾಕ ಕಮ್ಮಿ ಮಾಡೇವೇನ್ರಿ, ಇಂಥಾದ್ದೆಲ್ಲಾ ತರಾಕ?”

ನಾನು ಮಾಮಾನ ಅಂಗಿ ಜಗ್ಗಿದೆ. ಕೇಳುವವರು ಯಾರು!

“ಕಮ್ಮಿ ಮಾಡಿಲ್ರಿ. ಆಕೀನ ಬೇಡ್ಯಾಳ.”

ಮುಗಿಯಿತು! ತಂಗಿ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅತ್ತೆ ತಿರುಗಿ ನೋಡಿದರು.

“ಹೌದೇನು? ನೀ ಬೇಡಿದಿ?”

ತಂಗಿ ತಲೆ ತಗ್ಗಿಸಿ ಹೂಂ ಎಂದಳು. ಅತ್ತೆ ಪಡಸಾಲೆಯ ಮೂಲೆಗೆ ಕೈ ತೋರಿಸಿ ಹೇಳಿದರು: “ಒಲಿ ಅಲ್ಲೈತ್ರಿ ಅಣ್ಣಾರ.”

ಮಾಮಾ ಹಂಚು ಏರಿಸಿದರು. ಕಾಳು, ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಘಮ ಎದ್ದಿತು. ಬನ್ನಿಗೆ ಮನೆಯ ಬೆಣ್ಣೆ ಸವರಿ, ನಡುವೆ ವಡೆ, ಸೌತೆಕಾಯಿಯ ಬಿಲ್ಲೆ ಇಟ್ಟು ತಂಗಿಯ ಕೈಗೆ ಕೊಟ್ಟರು. ಆಕೆ ಒಂದು ತುತ್ತು ಕಚ್ಚಿದಳು. ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದರು. ಇಳಿಯಿತು. ಇನ್ನೊಂದು ತುತ್ತು. ಅದೂ ನಿಂತಿತು. ಪೂರ್ತಿ ತಿಂದು, ಬೆರಳು ನೆಕ್ಕಿ, “ಮಾಮಾ, ಇನ್ನೊಂದ ಐತೇನ್ರಿ?” ಎಂದಳು. ಅವ್ವ ಅತ್ತಳು. ಮಾಂಸ ಎಂದ ಮುದುಕಿಯೇ ಮೊದಲು ನಕ್ಕಳು.

ಅಷ್ಟರಲ್ಲಿ ಒಲೆಯ ಕಡೆ ನೋಡುತ್ತ ಅತ್ತೆ ಒಂದು ಮಾತಾಡಿದರು. ಯಾರಿಗೆ ಹೇಳಿದರೋ ತಿಳಿಯದು.

“ದೊಡ್ಡಾಂವ ಹೊಟ್ಟ್ಯಾಗಿದ್ದಾಗ ನನಗ ಸಂತ್ಯಾಗಿನ ಚುರಮುರಿ ತಿನ್ನಬೇಕಂತ ಭಾಳ ಅನಸ್ತಿತ್ತು.”

“ಹೇಳಲಿಲ್ಲೇನ್ರಿ ಅಕ್ಕಾರ?” ಎಂದರು ಮಾಮಾ.

“ಯಾರರೆ ಕೇಳಿದ್ರಲ್ಲರೀ, ಹೇಳೂದು.”

ಮಾಮಾ ಹಂಚಿನ ಮೇಲೆ ಇನ್ನೊಂದು ವಡೆ ಇಟ್ಟು, ಅದು ಕೆಂಪಾಗುವವರೆಗೆ ತಲೆ ಎತ್ತಲಿಲ್ಲ. ತಂಗಿ ಮೆಲ್ಲಗೆ ಎದ್ದಳು. ಅತ್ತೆಯ ಕೈ ಹಿಡಿದು ತಾನು ಕೂತಿದ್ದ ಮಣೆಯ ಮೇಲೆ ಕೂಡಿಸಿದಳು. ಅವರು ಬೇಡ ಬೇಡ ಎನ್ನುತ್ತಲೇ ಕೂತರು. ಆಕೆ ಬರ್ಗರ್ ಮುರಿದು, ಒಂದು ತುತ್ತನ್ನು ಅವರ ಬಾಯಿಗೆ ಹಿಡಿದಳು. ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಚಪ್ಪಲಿ ಎಲ್ಲಿವೆ ಎಂದು ಹುಡುಕಿದೆ.

ಅತ್ತೆ ನಿಧಾನವಾಗಿ ಅಗಿದರು. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು.

“ಖಾರ ಭಾಳ ಆಗೇತ್ರಿ ಅಣ್ಣಾರ” ಎಂದರು.

ಬಸುರಿಯ ಹೊಟ್ಟೆಗೆ ಉರಿಯಾದೀತೆಂದು ಆ ವಡೆಗಳಿಗೆ ಮಾಮಾ ಖಾರವನ್ನೇ ಹಾಕಿರಲಿಲ್ಲ.

“ಹೌದ್ರಿ ಅಕ್ಕಾರ, ತಪ್ಪಾತು” ಎಂದರು ಮಾಮಾ. “ಖಾರ ಜಾಸ್ತಿ ಬಿದ್ದೈತಿ.”