ಎರಡನೇ ಒಲಿ ಹಚ್ಚಬ್ಯಾಡ್ರಿ

ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಇಷ್ಟು ಗೊತ್ತಿರುವ ಹೆಂಗಸನ್ನು ಈ ಲೋಕ ಸುಮ್ಮನೆ ಬಾಳುವೆ ಮಾಡಲು ಬಿಡುವುದಿಲ್ಲ. ನಾನು ಧಾರವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು, ಯಜಮಾನರು ಬ್ಯಾಂಕಿನವರು. ಅವರಿಗೆ ವರ್ಗವಾದಲ್ಲೆಲ್ಲ ನಾನೂ ನನ್ನ ಗುಣಾಕಾರವೂ ಬೆನ್ನಿಗೇ ಹೋಗುತ್ತೇವೆ.

ಉಳಿದ ವ್ಯಾಟು

ಮೊದಲು ವಿಜಯವಾಡ. ನೀರು ಕಾಯಿಸುವ ಕೆಟಲ್ ತರಲು ಅಂಗಡಿಗೆ ಹೋದೆ.

"ಎರಡು ಸಾವಿರ ವ್ಯಾಟ್ ಅಮ್ಮಾ! ನೀವು ಕಪ್ಪು ತೊಳೆಯೋದರೊಳಗೆ ನೀರು ಕುದೀತದೆ" ಎಂದ ಅಂಗಡಿಯವನು.

"ಹಚ್ಚಿ ತೋರಸ್ರಿ" ಅಂದೆ. ಪರೀಕ್ಷೆ ಮಾಡುವ ಬೋರ್ಡಿಗೆ ಹಚ್ಚಿದ. ಅದರಲ್ಲೇ ಎರಡು ಮುಳ್ಳುಗಳಿದ್ದವು. ಒಂದು ಇನ್ನೂರ ಮೂವತ್ತು ವೋಲ್ಟ್ ತೋರಿಸಿತು, ಇನ್ನೊಂದು ನಾಲ್ಕು ಆಂಪಿಯರ್.

"ಗುಣಿಸಿದ್ರ ಒಂಬೈನೂರ ಇಪ್ಪತ್ತು ಆತು. ಉಳಿದ ಸಾವಿರದ ಎಂಬತ್ತು ಎಲ್ಲಿ ಹೋತಪಾ?"

ಪುಣ್ಯಾತ್ಮ ರೆಪ್ಪೆ ಕೂಡ ಮಿಟುಕಿಸಲಿಲ್ಲ. "ಹೊಸದು ಕದಾ ಅಮ್ಮಾ! ಉಳಿದದ್ದು ಮನೆಗೆ ಹೋದಮೇಲೆ ಬರತ್ತೆ."

ಸಣ್ಣ ಒಲೆ

ಆಮೇಲೆ ವಿಶಾಖಪಟ್ಟಣ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬ್ಯಾಂಕಿನವರದೂ ನೇವಿಯವರದೂ ಸೇರಿ ಬೆರಳೆಣಿಕೆಯಷ್ಟು ಕನ್ನಡದ ಮನೆಗಳು. ರಾಜ್ಯೋತ್ಸವಕ್ಕೆ ಕೆಳಗಿನ ಹಾಲ್‌ನಲ್ಲಿ ಮಕ್ಕಳ ನಾಟಕ, ಆಮೇಲೆ ಜೋಳದ ರೊಟ್ಟಿ ಊಟ. ವರ್ಷವಿಡೀ ತಮ್ಮತಮ್ಮಲ್ಲೇ ತೆಲುಗು ಮಾತಾಡುವ ಮಕ್ಕಳು ಆ ನಾಟಕಕ್ಕಾಗಿಯಾದರೂ ಕನ್ನಡ ಬಾಯಿಪಾಠ ಮಾಡುತ್ತವೆ. ಅದನ್ನು ಕೇಳಿದರೆ ನನಗೆ ಕಣ್ಣು ತುಂಬಿ ಬರುತ್ತದೆ.

ಹಾಲ್‌ನಲ್ಲಿ ಗ್ಯಾಸ್ ಹಚ್ಚುವಂತಿಲ್ಲ. ರೊಟ್ಟಿ ಬಿಸಿ ಇರಬೇಕೆಂದರೆ ಕರೆಂಟ್ ಒಲೆಯೇ ಗತಿ. ಕಳೆದ ವರ್ಷ ಎರಡು ಒಲೆ ಹಚ್ಚಿದ್ದೇ ತಡ, ನಾಟಕದ ನಡುವೆ ಹಾಲೆಲ್ಲ ಕತ್ತಲಾಯಿತು, ಮಕ್ಕಳು ಮಾತು ಮರೆತವು. ಅಪಾರ್ಟ್‌ಮೆಂಟಿನ ತೆಲುಗು ಸೆಕ್ರೆಟರಿಗಾರು ಈ ಸಲ ಮೊದಲೇ ಗುಡುಗಿದರು: "ಇನ್ನೊಂದು ಸಲ ಕರೆಂಟು ಹೋದರೆ ನಿಮ್ಮ ಕನ್ನಡ ಪಂಡುಗಕ್ಕೆ, ಹಬ್ಬಕ್ಕೆ ಹಾಲ್ ಇಲ್ಲ. ಅಷ್ಟೇ!"

ಹಾಲ್ ಹೋದರೆ ನಾಟಕ ಹೋಯಿತು, ನಾಟಕ ಹೋದರೆ ಮಕ್ಕಳ ಬಾಯಲ್ಲಿದ್ದ ಅಷ್ಟಿಷ್ಟು ಕನ್ನಡವೂ ಹೋಯಿತು. ನನಗೆ ಸಂಕಟವಾಯಿತು. ಪಕ್ಕದ ಮನೆಯ ಮಂಡ್ಯದಾಕೆ, ಗಂಡ ನೇವಿಯಲ್ಲಿರುವವಳು, ಸಮಾಧಾನ ಹೇಳಿದಳು: "ಅದ್ಯಾಕಕ್ಕ ಯೋಚ್ನೆ? ದೊಡ್ ಒಲೆ ಬ್ಯಾಡ, ಸಣ್ ಸಣ್ವು ನಾಕು ಇಡಾನ. ಸಣ್ವು ಎಷ್ಟ್ ಕರೆಂಟು ತಿಂದಾವು?"

"ನಿನ್ನ ಮಗಾನೂ ಸಣ್ಣಾವನ ಅದಾನ" ಅಂದೆ. "ರೊಟ್ಟಿ ಎಷ್ಟ ತಿಂತಾನ?"

ಬ್ಯಾಂಕಿನವರ ಕೂಡುವ ಲೆಕ್ಕ

ಮನೆಯಲ್ಲಿ ಲೆಕ್ಕಕ್ಕೆ ಕುಳಿತೆ. ಒಂದು ಒಲೆ ಎಳೆಯುವುದು ಹತ್ತಿರಹತ್ತಿರ ಒಂಬತ್ತು ಆಂಪಿಯರ್. ಇನ್ನೂರ ಮೂವತ್ತನ್ನು ಅದರಿಂದ ಭಾಗಿಸಿದರೆ ಒಲೆಯ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡಚಣೆ, ಸುಮಾರು ಇಪ್ಪತ್ತಾರು ಓಮ್. ಹಾಲ್‌ನ ಸ್ವಿಚ್ಚು ತಡೆಯುವುದು ಹದಿನಾರು ಆಂಪಿಯರ್ ಮಾತ್ರ, ಹೆಚ್ಚಾದರೆ ತಾನೇ ಬಿದ್ದು ಕರೆಂಟು ನಿಲ್ಲಿಸುತ್ತದೆ.

"ಎರಡು ಒಲಿ ಹಚ್ಚಿದ್ರ ರೋಧ ಹದಿಮೂರಕ್ಕ ಇಳೀತದ, ಕರೆಂಟು ದುಪ್ಪಟ್ಟು ಹರೀತದ, ಸ್ವಿಚ್ಚು ಬೀಳತದ" ಅಂದೆ.

ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ಇಪ್ಪತ್ತಾರು, ಇಪ್ಪತ್ತಾರು ಕೂಡಿದ್ರ ಐವತ್ತೆರಡಲ್ಲೇನ? ಬ್ಯಾಂಕಿನವಗ ಕೂಡೂದು ಕಲಸ್ತೀ?"

"ಅಲ್ರೀ, ನಿಮ್ಮ ಬ್ಯಾಂಕಿನಾಗ ಒಂದು ಕೌಂಟರ್ ಇದ್ದಲ್ಲೆ ಇನ್ನೊಂದು ತೆರೆದ್ರ, ಮಂದಿಗೆ ಅಡಚಣಿ ಹೆಚ್ಚಾಗತದೋ, ಕಡಿಮಿ ಆಗತದೋ?"

ಪೇಪರು ಮಡಚಿಟ್ಟರು. "ಅದನ್ನ ಹೆಂಗ ಹೇಳಲಿ? ನಮ್ಮ ಎರಡನೇ ಕೌಂಟರ್ ಎಂದೂ ತೆರದ ಇಲ್ಲ."

ಯಾರ ಒಲೆ?

ರಾಜ್ಯೋತ್ಸವದ ಮಧ್ಯಾಹ್ನ. ರೊಟ್ಟಿಗೆ ಒಂದೇ ಒಲೆ. ಎರಡನೆಯದಕ್ಕೆ ಕೈಹಾಕಿದವರಿಗೆಲ್ಲ "ಹಚ್ಚಬ್ಯಾಡ್ರಿ!" ಎಂದು ಗದರುತ್ತ ಕಾವಲು ನಿಂತಿದ್ದೆ. ಪರದೆ ಎಳೆದಾಗಿತ್ತು, ನಾಟಕ ರಂಗೇರಿತ್ತು. ಅಷ್ಟರಲ್ಲಿ ದೀಪ, ಫ್ಯಾನು, ಮೈಕು ಎಲ್ಲ ಒಮ್ಮೆಲೇ ಬಂದ್!

ಸೆಕ್ರೆಟರಿಗಾರು ಮುಂದಿನ ಕುರ್ಚಿಯಿಂದ ಎದ್ದರು. "ಆಯಿತಾ? ಮುಗೀತು! ಇನ್ನು ಹಾಲ್ ಇಲ್ಲ!"

ಮಕ್ಕಳ ಮುಖ ನೋಡಿದೆ. ಎಲ್ಲಿತ್ತೋ ಧೈರ್ಯ, ಸೆರಗು ಸಿಗಿಸಿಕೊಂಡು ಎದುರು ನಿಂತೆ. "ನಿಲ್ಲಿ ಸಾರ್. ನಮ್ಮ ಒಲೆ ಒಂದೇ, ಒಂಬತ್ತು ಆಂಪಿಯರ್. ದೀಪ, ಫ್ಯಾನು, ಮೈಕಿಗೆ ಹೆಚ್ಚೆಂದರೆ ಮೂರು. ಹನ್ನೆರಡಾಯಿತು. ಹದಿನಾರರ ಸ್ವಿಚ್ಚು ಹನ್ನೆರಡಕ್ಕೆ ಬೀಳೋದಿಲ್ಲ. ಇಲ್ಲೆಲ್ಲೋ ಇನ್ನೊಂದು ಒಲೆ ಉರೀತಿತ್ತು. ಹುಡುಕೋಣ ಬನ್ನಿ!"

"ಹುಡುಕೋಣ! ಸಿಕ್ಕವರನ್ನು ನಾನು ಬಿಡೋನಲ್ಲ!" ಎಂದು ಅವರೇ ಮುಂದಾದರು. ವೇದಿಕೆಯ ಹಿಂದಿನ ಕೋಣೆಯ ಬಾಗಿಲು ತಳ್ಳಿದರು. ಒಳಗೆ ಹೊಚ್ಚಹೊಸ ಕರೆಂಟ್ ಒಲೆ, ಅದರ ಮೇಲೆ ಎಣ್ಣೆಯ ಬಾಣಲೆ. ಮುಂದೆ ಕಡಲೆಹಿಟ್ಟು ಮೆತ್ತಿದ ಕೈಯಲ್ಲಿ ಮೆಣಸಿನಕಾಯಿ ಹಿಡಿದು ಕುಳಿತಿದ್ದವರು ಸ್ವತಃ ಸೆಕ್ರೆಟರಿಗಾರರ ಶ್ರೀಮತಿ! ಪಾಪ, ಮಕ್ಕಳಿಗೆ ಬಿಸಿ ಬಜ್ಜಿ ತಿನ್ನಿಸಬೇಕೆಂದು ಯಾರಿಗೂ ಹೇಳದೆ ಬಂದಿದ್ದರು.

ಮಂಡ್ಯದಾಕೆ ನನ್ನ ಕೈ ಹಿಡಿದು ಕುಣಿದೇಬಿಟ್ಟಳು. "ಗೆದ್ಬುಟ್ವಿ ಕಣಕ್ಕ!"

ಆಯಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಏಮಂಡೀ, ಯಾರಿಗೋ ಹಾಲ್ ಇಲ್ಲ ಅಂತ ಕೂಗ್ತಿದ್ದಿರಿ. ಯಾರಿಗೆ?"

ಸೆಕ್ರೆಟರಿಗಾರು ಬಜ್ಜಿ ಒಲೆಯ ಪ್ಲಗ್ ಕಿತ್ತು, ತಾವೇ ಹೋಗಿ ಸ್ವಿಚ್ಚು ಎತ್ತಿದರು. ದೀಪ ಬಂತು. ಮೈಕ್ ಹಿಡಿದು, ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ಹಾಲ್ ಪ್ರತಿವರ್ಷವೂ ಕನ್ನಡದವರಿಗೇ. ಬಜ್ಜಿ ಕರಿಯೋಕೆ ಮಾತ್ರ ನನ್ನ ಅನುಮತಿ ಬೇಕು."

ಹಿಂದಿನ ಕೋಣೆಯಿಂದ ಧ್ವನಿ ಬಂತು: "ಏನಂದಿರಿ?"

"ಬೇಡ, ಬೇಡ" ಎಂದರು ಸೆಕ್ರೆಟರಿಗಾರು ಮೈಕಿನಲ್ಲೇ. "ಅದಕ್ಕೂ ಬೇಡ."