ಪೇಶೆಂಟು ಎಂದರೆ ತಾಳುವವನು

ಇಂಗ್ಲಿಷ್ ಮೇಷ್ಟರಾದವರಿಗೆ ಒಂದು ಕೆಟ್ಟ ಚಾಳಿಯಿರುತ್ತದೆ. ಭಯವಾದಾಗ ಬೇರೆಯವರು ದೇವರ ಹೆಸರು ಹೇಳಿದರೆ, ನಾವು ಪದಗಳ ಅರ್ಥ ಹೇಳುತ್ತೇವೆ. ಮದ್ದೂರಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ, ಕೇಳುವ ಮಕ್ಕಳಿಲ್ಲದೆ ನನ್ನ ಚಾಳಿ ಇನ್ನೂ ಹೆಚ್ಚಿದೆ. ಹೆಂಡತಿ ಟಿ.ವಿ. ಸದ್ದು ಏರಿಸಿ ಪಾರಾಗುತ್ತಾಳೆ. ಪಾರಾಗಲಾಗದೆ ಸಿಕ್ಕಿಬಿದ್ದವನು ನಮ್ಮಣ್ಣ ನಿಂಗೇಗೌಡ.

ನಮ್ಮೂರು ಹೊಳಲಿನ ಮನೆಯಲ್ಲಿ ಕೊಟ್ಟಿಗೆ ಬಾಚುವಾಗ ಸಗಣಿಯ ಮೇಲೆ ಜಾರಿ ಬಿದ್ದು ಅವನ ತೊಡೆಯ ಮೂಳೆ ಮುರಿದಿತ್ತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. "ವಯಸ್ಸಾಗಿದೆ, ಹಾರ್ಟು ವೀಕು. ಆಪರೇಷನ್ ಮಾಡ್ತೀವಿ, ಆದ್ರೆ ಏನೂ ಹೇಳಕ್ಕಾಗಲ್ಲ," ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಪ್ಪ ಹೋದಾಗ ತನ್ನ ಓದು ಬಿಟ್ಟು, ನೇಗಿಲು ಹಿಡಿದು ನನ್ನನ್ನು ಓದಿಸಿದ ಅಣ್ಣ ಅವನು. ಅವನ ಮುಖ ನೋಡಲಾರದೆ ನಾನು ಪಾಠ ಶುರುಮಾಡಿದೆ.

"ಅಣ್ಣ, ಈ ಪೇಶೆಂಟ್ ಅನ್ನೋ ಪದ ಲ್ಯಾಟಿನ್ನಿಂದ ಬಂದದ್ದು. ನೋವು ಅನುಭವಿಸೋನು, ತಾಳಿಕೊಳ್ಳೋನು ಅಂತ ಅರ್ಥ. ಅದಕ್ಕೇ ಇಂಗ್ಲಿಷಿನಲ್ಲಿ ರೋಗೀನೂ ಪೇಶೆಂಟೇ, ತಾಳ್ಮೆ ಇರೋನೂ ಪೇಶೆಂಟೇ."

ಅಣ್ಣ ಹಲ್ಲು ಕಚ್ಚಿಕೊಂಡು ಕೇಳಿದ, "ಅಂಗಾರೆ ತಾಳ್ಮೆ ಇಲ್ದೋನಿಗೆ ರೋಗ ಬರಾಕಿಲ್ವೇನ್ಲಾ?"

"ಬರ್ತದೆ."

"ಮತ್ತೆ ಆ ಪದವೇ ತಪ್ಪು, ಬುಡು. ಓಗಿ ನರ್ಸಮ್ಮನ್ನ ಕರಿ, ತಡಿಯಕ್ಕಾಯ್ತಿಲ್ಲ."

ಅವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ನನಗೆ ಕೂರಲಾಗಲಿಲ್ಲ. ಬೆಳಗಿನಿಂದ ಕಾಫಿಯನ್ನೂ ಕುಡಿದಿರಲಿಲ್ಲ. ಬಾಗಿಲಿನ ಸಂದಿಯಲ್ಲಿ ಇಣುಕುವುದು, ಹೊರಬಂದವರನ್ನೆಲ್ಲ ತಡೆದು ಕೇಳುವುದು. "ಮಲಗಿರೋರೇ ಸುಮ್ನವ್ರೆ, ನಿಮ್ದೇನ್ ಸಾರ್?" ಎಂದು ನರ್ಸು ರೇಗಿದಳು.

ಜೀವ ಉಳಿಯಿತು. ವಾರ್ಡಿಗೆ ಕರೆತಂದಾಗ ಅಣ್ಣನಿಗೆ ಎಚ್ಚರವಿತ್ತು. ಇನ್ನು ಗದ್ದೆಯ ಬದುವಿನ ಮೇಲೆ ನಡೆಯುವ ಆಸೆ ಬಿಡಬೇಕು, ಮನೆಯೊಳಗೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಹೆಚ್ಚು ಎಂದರು ಡಾಕ್ಟರು. ಅಣ್ಣ ನನ್ನತ್ತ ತಿರುಗಿದ.

"ಎಮ್ಮೆಗೆ ಉಲ್ಲು ಯಾರ್ಲಾ ಆಕ್ತರೆ?"

"ನಾನು ಹಾಕ್ತೀನಣ್ಣ."

"ನಿನ್ನ ಕಂಡ್ರೆ ಒದೀತದೆ," ಎಂದು ಗೋಡೆಯತ್ತ ಮುಖ ತಿರುಗಿಸಿಕೊಂಡ. ಅವನ ಹೆಗಲು ಅದುರುತ್ತಿತ್ತು. ಅವನು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಏನಾದರೂ ಹೇಳೋಣವೆಂದರೆ, ಇಷ್ಟು ಕಾಲ ಕೂಡಿಟ್ಟ ಪದಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕಣ್ಣು ಕತ್ತಲಿಟ್ಟು ಕುಸಿದೆ.

ಎಚ್ಚರವಾದಾಗ ಪಕ್ಕದ ಖಾಲಿ ಮಂಚದ ಮೇಲೆ ಮಲಗಿದ್ದೆ. ಗ್ಲೂಕೋಸ್ ಬಾಟಲಿ ನೇತುಹಾಕುತ್ತಾ ನರ್ಸು, "ಇವ್ರ ಕಡೆಯೋರು ಯಾರು?" ಎಂದು ಕೂಗಿದಳು.

ಅಣ್ಣ ಮಲಗಿದ್ದಲ್ಲಿಂದಲೇ ಕೈಯೆತ್ತಿದ. "ನಾನಿವ್ನಿ ಕಣವ್ವ. ಸೂಜಿ ಅಂದ್ರೆ ಎದ್ರುಕತನೆ, ನಿಧಾನಕ್ಕೆ ಚುಚ್ಚು."